ಎಲ್ಲಿ ಕೈಹಿಡಿಯಬೇಕು, ಎಲ್ಲಿ ಕಾಯಬೇಕು

ಪ್ರಶ್ನೆ: ನನ್ನ ತಾಯಿಗೆ 81 ವರ್ಷ. ಎರಡು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅದಕ್ಕೆ ಮುಂಚೆ ಸ್ನಾನ, ಬಟ್ಟೆ, ಊಟ ಎಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಈಗ ಬಿದ್ದುಬಿಡುತ್ತಾರೆಂಬ ಭಯಕ್ಕೆ ನಾವೇ ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸುತ್ತೇವೆ. ಆದರೂ ದಿನದಿಂದ ದಿನಕ್ಕೆ ಸೊರಗುತ್ತಿದ್ದಾರೆ. ‘ನನ್ನಿಂದ ಇನ್ನು ಏನೂ ಆಗಲ್ಲ’ ಅನ್ನುತ್ತಾರೆ. ಎಷ್ಟು ಸಹಾಯ ಮಾಡಬೇಕು, ಎಲ್ಲಿ ಬಿಡಬೇಕು? ಮತ್ತೆ ಮೊದಲಿನಂತಾಗುವುದು ಸಾಧ್ಯವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಪೂರ್ತಿ ಮೊದಲಿನಂತೆ ಆಗುತ್ತಾರೆ ಎಂದು ಯಾರೂ ಮಾತು ಕೊಡಲಾರರು. ಆದರೆ ಎರಡೇ ತಿಂಗಳ ಹಿಂದೆ ತಾವೇ ಸ್ನಾನ ಮಾಡುತ್ತಿದ್ದವರು ಈ ಸ್ಥಿತಿಯಿಂದ ಬಹಳಷ್ಟು ಮೇಲೆ ಬರಬಲ್ಲರು. ಅದಕ್ಕೆ ಸಹಾಯದ ರೀತಿ ಬದಲಾಗಬೇಕು. ಈಗ ಇಡೀ ಕೆಲಸವನ್ನೇ ಅವರ ಕೈಯಿಂದ ತೆಗೆದುಕೊಂಡಿದ್ದೀರಿ. ಬಹುಶಃ ಅವರಿಗೆ ಸಹಾಯ ಬೇಕಿರುವುದು ಪ್ರತಿ ಕೆಲಸದ ಒಂದೋ ಎರಡೋ ಹಂತಗಳಲ್ಲಿ. ಆ ಹಂತ ಯಾವುದು, ಅಲ್ಲಿ ಏಕೆ ತಡೆಯುತ್ತಿದೆ ಎಂದು ಕಂಡುಕೊಂಡು ಅಲ್ಲಿ ಮಾತ್ರ ಕೈಹಿಡಿಯಿರಿ. ಉಳಿದದ್ದು ಎಷ್ಟು ನಿಧಾನವಾದರೂ ಅವರದ್ದೇ ಆಗಿರಲಿ.

ಸೊರಗುವುದು ಏಕೆ ನಿಂತಿಲ್ಲ ಎಂಬುದನ್ನು ಮೊದಲು ನೋಡಿ. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟು ದಿನಗಳಲ್ಲಿ ಕಾಲುಗಳ ಸ್ನಾಯುವೇ ಸುಮಾರು ಒಂದು ಕಿಲೋ ಕರಗಿತ್ತು. ನಿಮ್ಮ ತಾಯಿಗೆ ಅದರ ಮೇಲೆ ಸೋಂಕು, ಜ್ವರ, ಸರಿಯಾಗಿ ಊಟ ಸೇರದ ದಿನಗಳು ಎಲ್ಲ ಕೂಡಿವೆ. ಮನೆಗೆ ಬಂದಮೇಲೆ ಕರಗಿದ್ದನ್ನು ಮರಳಿ ಕಟ್ಟಬೇಕಿದ್ದದ್ದು ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಎದ್ದು ಕೂರುವ, ಕೈ ಎತ್ತುವ, ಬಗ್ಗುವ ಸಣ್ಣ ಸಣ್ಣ ಚಲನೆಗಳು. ಅವನ್ನೆಲ್ಲ ನೀವು ಪ್ರೀತಿಯಿಂದಲೇ ವಹಿಸಿಕೊಂಡಿರಿ. ಹಾಗಾಗಿ ಸ್ನಾಯುವಿಗೆ ಕೆಲಸವೇ ಸಿಗಲಿಲ್ಲ.

ಮನಸ್ಸಿನ ಮೇಲೂ ಇದೇ ಪರಿಣಾಮ. 1982ರಲ್ಲಿ ಅಮೆರಿಕದ ಸಂಶೋಧಕರಾದ ಜೆರ್ರಿ ಏವೋರ್ನ್ ಮತ್ತು ಎಲೆನ್ ಲ್ಯಾಂಗರ್ ವೃದ್ಧಾಲಯವೊಂದರ ನಿವಾಸಿಗಳಿಗೆ ಜಿಗ್ಸಾ ಒಗಟು ಜೋಡಿಸಲು ಕೊಟ್ಟರು. ಕೆಲವರಿಗೆ ಪಕ್ಕದಲ್ಲಿ ಕೂತವರು ತಾವೇ ಜೋಡಿಸಿ ನೆರವಾದರು, ಕೆಲವರಿಗೆ ಬಾಯಿಮಾತಿನ ಉತ್ತೇಜನ ಮಾತ್ರ ಸಿಕ್ಕಿತು. ಆಮೇಲೆ ಒಬ್ಬರೇ ಮಾಡುವಾಗ ಉತ್ತೇಜನ ಸಿಕ್ಕವರು ಮುಂದೆ ಹೋದರು, ಕೈನೆರವು ಪಡೆದವರು ಹಿಂದೆ ಬಿದ್ದರು. ‘ನನ್ನಿಂದ ಏನೂ ಆಗಲ್ಲ’ ಎಂಬ ನಿಮ್ಮ ತಾಯಿಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ತಿಂಗಳಿಂದ ಮನೆಯವರೆಲ್ಲ ಬಾಯಿಬಿಟ್ಟು ಹೇಳದೆ ಮಾಡಿ ತೋರಿಸುತ್ತಿರುವುದೂ ಅದನ್ನೇ.

ಶುರು ಮಾಡುವ ಮುನ್ನ ವೈದ್ಯರ ಬಳಿ ಒಮ್ಮೆ

ತಾಲೀಮಿಗೆ ಮುಂಚೆ, ತಡೆಯುತ್ತಿರುವುದು ಔಷಧವೋ ಕಾಯಿಲೆಯೋ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಆಸ್ಪತ್ರೆಯಿಂದ ಬರುವಾಗ ಸೇರಿದ ಮಾತ್ರೆಗಳೂ ಹಳೆಯವೂ ಒಟ್ಟಿಗೆ ನಡೆಯುತ್ತಿರಬಹುದು. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ, ನೆಗಡಿಗೆಂದು ನೀವೇ ತಂದದ್ದನ್ನೂ ಸೇರಿಸಿ, ವೈದ್ಯರ ಮುಂದಿಡಿ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆ, ಮಂಪರು ತರುವ ಹಳೆಯ ಕಾಲದ ಅಲರ್ಜಿ ಮಾತ್ರೆ, ರಕ್ತದೊತ್ತಡದ ಮತ್ತು ಮೂತ್ರ ಹೆಚ್ಚಿಸುವ ಔಷಧಗಳ ಬಗ್ಗೆ ಬಿಡಿಬಿಡಿಯಾಗಿ ಕೇಳಿ. ಇವುಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅದರದ್ದೇ ತೊಂದರೆಗಳಿವೆ.

ರಕ್ತದೊತ್ತಡವನ್ನು ಮಲಗಿದಾಗ ಮತ್ತು ನಿಂತಾಗ ಎರಡೂ ಬಾರಿ ಅಳೆಯಬೇಕು. ಇದನ್ನು ಮನೆಯಲ್ಲೂ ಮಾಡಬಹುದು. ಐದು ನಿಮಿಷ ಮಲಗಿಸಿ ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಎದ್ದಾಗ ಕಣ್ಣು ಕತ್ತಲಾಗುವುದಕ್ಕೂ ಬೀಳುವುದಕ್ಕೂ ಕಾರಣ ಸಿಕ್ಕಂತೆ. ನಿಂತಾಗ ತಲೆ ಸುತ್ತಿದರೆ ಅಲ್ಲಿಗೇ ಕೂರಿಸಿಬಿಡಿ, ಅಳತೆ ಪೂರ್ತಿಯಾಗದಿದ್ದರೂ ಪರವಾಗಿಲ್ಲ. ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಬಿ12 ಮತ್ತು ಡಿ ಕೊರತೆ, ಖಿನ್ನತೆ, ಕಣ್ಣಿನ ಪೊರೆ, ಕಿವಿ, ಹಲ್ಲುಸೆಟ್ಟು, ಕಾಲ್ಬೆರಳ ಉಗುರು ಇವನ್ನೂ ನೋಡಿಸಿ. ಉಗುರು ಬೆಳೆದು ಚುಚ್ಚುತ್ತಿರುವುದರಿಂದಲೇ ನಡೆಯಲು ಹಿಂಜರಿಯುವ ಹಿರಿಯರು ಅಪರೂಪವಲ್ಲ, ಕೇಳದಿದ್ದರೆ ಅವರು ಹೇಳುವುದೂ ಇಲ್ಲ. ನಿನ್ನೆವರೆಗೆ ಮಾಡುತ್ತಿದ್ದದ್ದು ಇಂದು ಏಕಾಏಕಿ ಆಗದಿದ್ದರೆ, ಮಾತು ತೊದಲಿದರೆ, ಗೊಂದಲ ಹುಟ್ಟಿದರೆ ಅದು ಸೊರಗುವಿಕೆ ಅಲ್ಲ. ತಡಮಾಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೆಲಸವನ್ನು ಬಿಡಿಸಿ ನೋಡುವುದು

ಒಂದು ದಿನ ಏನೂ ಮಾಡದೆ ನೋಡುವ ಕೆಲಸವಿಟ್ಟುಕೊಳ್ಳಿ. ಕೈಗೆಟಕುವ ದೂರದಲ್ಲಿ ನಿಂತಿರಿ, ಅಪಾಯವಾದರೆ ಮಾತ್ರ ಮುಟ್ಟಿ. ‘ಸ್ನಾನ ಆಗುವುದಿಲ್ಲ’ ಎಂಬುದು ಒಂದು ವಾಕ್ಯ, ಆದರೆ ಅದರೊಳಗೆ ಹತ್ತು ಹನ್ನೆರಡು ಕೆಲಸಗಳಿವೆ: ಬಟ್ಟೆ ಟವೆಲು ತೆಗೆದುಕೊಂಡು ಹೋಗುವುದು, ಹೊಸ್ತಿಲು ದಾಟುವುದು, ಬಟ್ಟೆ ಕಳಚುವುದು, ಕೂರುವುದು, ನೀರು ಹದಗೊಳಿಸುವುದು, ಮುಖ ಕೈ ಎದೆ ತೊಳೆಯುವುದು, ಬೆನ್ನು, ಪಾದ, ತಲೆ, ಏಳುವುದು, ಒರೆಸಿಕೊಳ್ಳುವುದು. ಹೀಗೆ ಬಿಡಿಸಿದರೆ ಹೆಚ್ಚಿನವರಿಗೆ ತೊಡಕಾಗುವುದು ದಾಟುವುದು, ಪಾದ ಮುಟ್ಟುವುದು, ಏಳುವುದು ಈ ಮೂರೇ. ಉಳಿದ ಎಂಟಕ್ಕೆ ಯಾರ ಕೈಯೂ ಬೇಕಾಗಿಲ್ಲ.

ತಡೆದ ಹಂತದಲ್ಲಿ ‘ಏಕೆ’ ಎಂದು ಕೇಳಿಕೊಳ್ಳಿ. ಅಂಗಿಯ ಗುಂಡಿ ಹಾಕಲು ಆಗದಿರುವುದಕ್ಕೆ ಬೆರಳಿನ ನೋವು ಕಾರಣವಿರಬಹುದು, ಕಣ್ಣು ಕಾಣದಿರಬಹುದು, ಕೈ ನಡುಗುತ್ತಿರಬಹುದು, ಇಲ್ಲವೇ ನಿಂತುಕೊಂಡು ಹಾಕುತ್ತಿರುವುದರಿಂದ ಒಂದು ಕೈ ಆಸರೆ ಹಿಡಿಯುವುದಕ್ಕೇ ಹೋಗುತ್ತಿರಬಹುದು. ನಾಲ್ಕಕ್ಕೂ ಪರಿಹಾರ ಬೇರೆ. ಕೊನೆಯದಕ್ಕೆ ಬೇಕಿರುವುದು ಒಂದು ಕುರ್ಚಿ ಅಷ್ಟೇ.

ಸಹಾಯಕ್ಕೂ ಮೆಟ್ಟಿಲುಗಳಿವೆ, ಕೆಳಗಿನದರಿಂದ ಹತ್ತಬೇಕು. ಮೊದಲು ಸುಮ್ಮನೆ ಕಾಯಿರಿ. ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ. ಬಹಳಷ್ಟು ಸಲ ಏಳನೆಯದಕ್ಕೋ ಎಂಟನೆಯದಕ್ಕೋ ಅವರೇ ಮುಂದುವರಿಯುತ್ತಾರೆ. ಆಗದಿದ್ದರೆ ಒಂದೇ ಚಿಕ್ಕ ಮಾತು: ‘ಪಾದ ಹಿಂದಕ್ಕೆ ಎಳೆದುಕೊಳ್ಳಿ.’ ಆಮೇಲೆ ಬೆರಳು ತೋರಿಸುವುದು, ವಸ್ತುವನ್ನು ಕೈಹತ್ತಿರ ಇಡುವುದು. ನಂತರ ಚಲನೆ ಶುರುವಾಗಲು ಮೊಣಕೈಯನ್ನು ಮೆಲ್ಲಗೆ ಮುಟ್ಟುವುದು. ಅದಾದಮೇಲೆ ಅವರ ಕೈ ಮೇಲೆ ನಿಮ್ಮ ಕೈಯಿಟ್ಟು ಜೊತೆಯಾಗಿ ಮಾಡುವುದು. ಎಲ್ಲ ಮುಗಿದ ಮೇಲಷ್ಟೇ ನೀವೇ ಮಾಡಿಕೊಡುವುದು. ಮನೆಗಳಲ್ಲಿ ಆಗುವ ಸಾಮಾನ್ಯ ತಪ್ಪು, ಮೊದಲ ಮೆಟ್ಟಿಲಿನಿಂದ ಕೊನೆಯದಕ್ಕೆ ಒಂದೇ ಹಾರು. ಅದಕ್ಕೆ ಕಾರಣ ಹೆಚ್ಚಾಗಿ ಗಡಿಯಾರ. ಇಪ್ಪತ್ತು ನಿಮಿಷ ಬೇಕಾದ ಕೆಲಸಕ್ಕೆ ಐದು ನಿಮಿಷ ಇಟ್ಟುಕೊಂಡರೆ ಯಾರಿಗೂ ಕಾಯಲಾಗದು. ಬೆಳಗ್ಗೆ ನೀವು ಹೊರಡುವ ಗಡಿಬಿಡಿ ಇದ್ದರೆ ಸ್ನಾನವನ್ನು ಸಂಜೆಗೋ ಬಿಡುವಿನ ಹೊತ್ತಿಗೋ ಬದಲಿಸಿ. ಅದೂ ಆಗದ ದಿನ ಮೇಲ್ಭಾಗ ಅವರು ತೊಳೆದುಕೊಳ್ಳಲಿ, ಕಾಲು ನೀವು ತೊಳೆಯಿರಿ.

ಎದ್ದು ನಿಲ್ಲುವುದು

ಒಂದೇ ಒಂದು ಚಲನೆಯನ್ನು ಆರಿಸಿ ಕಲಿಸಬೇಕೆಂದರೆ ನಾವು ಆರಿಸುವುದು ಕುರ್ಚಿಯಿಂದ ಏಳುವುದನ್ನು. ಶೌಚ, ಸ್ನಾನ, ಹಾಸಿಗೆ, ಊಟದ ಮೇಜು ಎಲ್ಲದರ ಬಾಗಿಲು ಅದು. ಅಲ್ಲಿ ತಡೆದರೆ ಮಿಕ್ಕ ಶಕ್ತಿ ಇದ್ದೂ ಉಪಯೋಗಕ್ಕೆ ಬಾರದು.

ಮೊದಲು ಕುರ್ಚಿ. ನೆಲದಿಂದ ಮೊಣಕಾಲ ಹಿಂಬದಿಯ ಮಡಿಕೆಯವರೆಗೆ ಅಳೆಯಿರಿ, ಚಪ್ಪಲಿ ಹಾಕಿಕೊಂಡು. ಕೂತಾಗ ಸೀಟು ಆ ಎತ್ತರಕ್ಕಿಂತ ತಗ್ಗಿರಬಾರದು. ಕಾಲಲ್ಲಿ ಬಲ ಕಡಿಮೆ ಇರುವಾಗ ಐದು ಸೆಂಟಿಮೀಟರ್ ಹೆಚ್ಚೇ ಇರಲಿ. ಬಹಳ ಜನರಿಗೆ 45ರಿಂದ 50 ಸೆಂ.ಮೀ. ಸರಿಹೋಗುತ್ತದೆ. ಎರಡೂ ಕಡೆ ಗಟ್ಟಿಯಾದ ತೋಳು ಇರಬೇಕು. ಮೆತ್ತನೆಯ ಸೋಫಾ ಕೆಟ್ಟ ಜಾಗ: ಸೊಂಟ ಮೊಣಕಾಲಿಗಿಂತ ಕೆಳಗಿಳಿಯುತ್ತದೆ, ಒತ್ತಲು ಗಟ್ಟಿ ಜಾಗ ಸಿಗುವುದಿಲ್ಲ. ದಿಂಬು ಪೇರಿಸಿ ಎತ್ತರಿಸಿದರೆ ಅದೂ ಕುಸಿಯುತ್ತದೆ, ಜಾರುತ್ತದೆ. ಕುರ್ಚಿಯ ಕಾಲುಗಳ ಕೆಳಗೆ ಕೂರುವ ಗುಳಿಯಿರುವ ಎತ್ತರಿಕೆ ದಿಮ್ಮಿಗಳು ಅಥವಾ ಸೀಟಿನ ಮೇಲೆ ಬಿಗಿಯುವ ಗಟ್ಟಿ ಹಲಗೆ ಒಳ್ಳೆಯದು. ಚಕ್ರವಿರುವ ಕುರ್ಚಿ ಬೇಡವೇ ಬೇಡ.

ಏಳುವ ಕ್ರಮ ಹೀಗೆ. ಸೀಟಿನ ಅಂಚಿಗೆ ಸರಿದು ಕೂರುವುದು. ಪಾದಗಳನ್ನು ಸೊಂಟದಗಲ ಬಿಟ್ಟು, ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದೆ ಬರುವಂತೆ ಎಳೆದುಕೊಳ್ಳುವುದು. ಕೈಗಳು ಕುರ್ಚಿಯ ತೋಳಿನ ಮೇಲೆ. ಈಗ ಮುಂದಕ್ಕೆ ಬಾಗುವುದು, ಮೂಗು ಕಾಲ್ಬೆರಳುಗಳ ಮೇಲೆ ಬರುವವರೆಗೆ. ಆಮೇಲಷ್ಟೇ ಕೈ ಕಾಲು ಒತ್ತಿ ಮೇಲೇಳುವುದು. ನಿಂತಮೇಲೆ ಹತ್ತು ಎಣಿಸಿ ನಂತರ ಹೆಜ್ಜೆ.

ಕೆಡುವುದು ಎಲ್ಲಿ? ಬೀಳುವ ಭಯ ಇರುವವರು ಮುಂದೆ ಬಾಗುವುದಿಲ್ಲ. ಬೆನ್ನು ನೆಟ್ಟಗಿಟ್ಟು ನೇರ ಮೇಲಕ್ಕೆ ಏಳಲು ನೋಡುತ್ತಾರೆ. ಭಾರ ಹಿಂದೆಯೇ ಉಳಿದು ಮತ್ತೆ ಕುಸಿಯುತ್ತಾರೆ, ‘ಕಾಲಲ್ಲಿ ಬಲವಿಲ್ಲ’ ಅನ್ನುತ್ತಾರೆ. ಎಷ್ಟೋ ಸಲ ಬಲ ಇರುತ್ತದೆ, ಭಾರ ಮಾತ್ರ ತಪ್ಪು ಜಾಗದಲ್ಲಿರುತ್ತದೆ. ಎದುರಿಗೆ ಒಂದು ಮೇಜಿಟ್ಟು ‘ಮೇಜಿನ ಮೇಲೆ ಕೈ ಚಾಚಿ ಸವರಿ’ ಅಂದರೆ ಬಾಗುವುದು ತಾನಾಗಿ ಬರುತ್ತದೆ. ಇನ್ನೊಂದು ಕೆಡುಕು ಸಹಾಯ ಮಾಡುವವರಿಂದಲೇ: ಎದುರು ನಿಂತು ಎರಡೂ ಕೈ ಹಿಡಿದು ಎಳೆಯುವುದು, ಇಲ್ಲವೇ ಕಂಕುಳಿಗೆ ಕೈಕೊಟ್ಟು ಎತ್ತುವುದು. ಇದರಿಂದ ಅವರ ಭುಜದ ಕೀಲಿಗೆ ಪೆಟ್ಟು, ನಿಮ್ಮ ಸೊಂಟಕ್ಕೆ ಪೆಟ್ಟು. ಎಳೆದಾಗ ಅವರ ದೇಹ ಹಿಂದಕ್ಕೆ ವಾಲುವುದರಿಂದ ಏಳುವುದು ಇನ್ನೂ ಕಷ್ಟವಾಗುತ್ತದೆ. ಪಕ್ಕದಲ್ಲಿ ನಿಲ್ಲಿ, ಒಂದು ಅಂಗೈ ಸೊಂಟದ ಹಿಂದೆ, ‘ಒಂದು, ಎರಡು, ಮೂರು’ ಎಂದು ಜೊತೆಯಲ್ಲಿ ಎಣಿಸಿ. ಮೇಲೇಳುವ ಬಲ ಅವರದ್ದೇ ಇರಲಿ.

ಕೂರುವುದಕ್ಕೂ ಕ್ರಮವಿದೆ. ಎರಡೂ ಕಾಲಿನ ಹಿಂಬದಿಗೆ ಸೀಟು ತಾಗಬೇಕು, ನಂತರ ಕೈ ಹಿಂದೆ ಚಾಚಿ ತೋಳು ಹಿಡಿಯಬೇಕು, ನಂತರ ಮೆಲ್ಲನೆ ಇಳಿಯಬೇಕು. ದಪ್ಪನೆ ಬೀಳುವಂತೆ ಕೂರುವವರ ಬೆನ್ನುಮೂಳೆ ಸವೆದಿದ್ದರೆ ಬಿರುಕು ಬಿಡುವ ಅಪಾಯವಿದೆ. ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಇಳಿದರೆ ಅದೇ ತೊಡೆಗೆ ಒಳ್ಳೆಯ ವ್ಯಾಯಾಮ.

ಇದನ್ನೇ ತಾಲೀಮಾಗಿಸಿ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ, ಕೈ ಬಳಸಿ, ಐದು ಸಲ ಎದ್ದು ಕೂರುವುದು. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಕೊನೆಯ ಎರಡು ಸಲ ಕಷ್ಟವೆನ್ನಿಸಬೇಕು. ಅನ್ನಿಸದಿದ್ದರೆ ಅದು ತಾಲೀಮಾಗುವುದಿಲ್ಲ. ಹತ್ತು ಸಲ ಸಲೀಸಾದಾಗ ಒಂದೇ ಕೈ, ಅದೂ ಸಲೀಸಾದಾಗ ಕೈಯಿಲ್ಲದೆ, ಆಮೇಲೆ ಸೀಟಿನ ಎತ್ತರವನ್ನು ಎರಡು ಮೂರು ಸೆಂ.ಮೀ. ಇಳಿಸುವುದು. ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಸಮತೋಲಕ್ಕೆ ಅದೇ ಕಟ್ಟೆಯ ಬಳಿ, ಹಿಂದೆ ಕುರ್ಚಿ ಇಟ್ಟು, ಪಾದ ಜೋಡಿಸಿ ಹತ್ತು ಸೆಕೆಂಡ್ ನಿಲ್ಲುವುದು. ಅದಾದರೆ ಒಂದು ಪಾದ ಅರ್ಧ ಮುಂದೆ. ಅದೂ ಆದರೆ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸ್ನಾಯುವಿನ ಮೆಲುನೋವು ಒಂದೆರಡು ದಿನ ಇರುವುದು ಸಹಜ.

ಈ ವಯಸ್ಸಿನಲ್ಲಿ ಇದು ಫಲ ಕೊಡುತ್ತದೆಯೇ ಎಂಬ ಅನುಮಾನ ಬೇಡ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದವರು ವೃದ್ಧಾಲಯದ ನೂರು ಮಂದಿ ದುರ್ಬಲ ಹಿರಿಯರು. ಸರಾಸರಿ ವಯಸ್ಸು 87. ವಾರಕ್ಕೆ ಮೂರು ದಿನದಂತೆ ಹತ್ತು ವಾರ ಕಾಲುಗಳಿಗೆ ಭಾರದ ತಾಲೀಮು ಮಾಡಿದವರ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು, ನಡಿಗೆ ಚುರುಕಾಯಿತು. ಅದೇ ಅಧ್ಯಯನದಲ್ಲಿ ತಾಲೀಮಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಪಡೆದವರ ದೌರ್ಬಲ್ಯ ಕಡಿಮೆಯಾಗಲಿಲ್ಲ. ಡಬ್ಬಿಯ ಪುಡಿಯನ್ನೇ ನೆಚ್ಚಿಕೊಂಡ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಹಾಗೆಂದು ಊಟವನ್ನು ಬಿಡುವಂತಿಲ್ಲ. ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ 1.2ರಿಂದ 1.5. ಐವತ್ತು ಕಿಲೋ ತೂಗುವವರಿಗೆ ಅರವತ್ತು ಗ್ರಾಂ ಎಂದಿಟ್ಟುಕೊಂಡು ಮೂರು ಹೊತ್ತಿಗೂ ಹಂಚಿ. ಒಂದೇ ಹೊತ್ತಿಗೆ ತುರುಕಿದರೆ ಅಷ್ಟು ತಿನ್ನಲೂ ಆಗದು. ಮೂತ್ರಪಿಂಡದ ಕಾಯಿಲೆ ಇದ್ದರೆ ಈ ಲೆಕ್ಕ ಬೇರೆ, ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ. ತಿಂಗಳಿಗೊಮ್ಮೆ ತೂಕ ನೋಡಿ. ವರ್ಷದಲ್ಲಿ ತಾನಾಗಿ ನೂರಕ್ಕೆ ಐದರಷ್ಟು ಇಳಿದರೆ ಅದು ಸೊರಗುವಿಕೆಯ ಒಂದು ಲಕ್ಷಣ.

ಸ್ನಾನದ ಮನೆ ಮತ್ತು ಶೌಚ

1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ದಿನನಿತ್ಯದ ಆರು ಕೆಲಸಗಳ ಅಳತೆಗೋಲು ರೂಪಿಸಿದರು: ಸ್ನಾನ, ಉಡುಪು, ಶೌಚ, ಹಾಸಿಗೆ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಸ್ನಾನ ಮೊದಲು ಕೈತಪ್ಪುತ್ತದೆ, ಊಟ ಕೊನೆಗೆ. ಹಾಗಾಗಿ ಮನೆಯಲ್ಲಿ ಏನಾದರೂ ಬದಲಿಸುವುದಿದ್ದರೆ ಬಚ್ಚಲಿನಿಂದಲೇ ಶುರು ಮಾಡುವುದು ಸರಿ.

ಕೂತು ಸ್ನಾನ ಮಾಡುವ ವ್ಯವಸ್ಥೆ ಮೊದಲನೆಯದು. ಕಾಲುಗಳ ತುದಿಗೆ ರಬ್ಬರ್ ಇರುವ, ನೀರು ಹರಿದುಹೋಗುವ ರಂಧ್ರಗಳಿರುವ, ತೋಳುಳ್ಳ ಸ್ನಾನದ ಕುರ್ಚಿ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿ ಒದ್ದೆ ನೆಲದ ಮೇಲೆ ಜಾರುತ್ತದೆ, ಏಳುವಾಗ ಒಂದು ಬದಿ ಒತ್ತಿದರೆ ಕಾಲು ಅಗಲವಾಗಿ ಕವುಚುತ್ತದೆ. ಕೈಯಲ್ಲಿ ಹಿಡಿಯುವ ಶವರ್ ಇದ್ದರೆ ನೀರು ಬೇಕಾದಲ್ಲಿಗೆ ಬರುತ್ತದೆ, ಅವರು ತಿರುಗಬೇಕಾಗಿಲ್ಲ. ಸೋಪು, ಶಾಂಪೂ, ಟವೆಲು ಎಲ್ಲ ಕೂತಲ್ಲೇ ಎಟಕಬೇಕು, ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿ. ಜಾರಿದ ಸೋಪನ್ನು ಎತ್ತಲು ಬಗ್ಗುವಾಗ ಬೀಳುವವರು ಹೆಚ್ಚು. ಪಂಪ್ ಬಾಟಲಿಯ ದ್ರವ ಸೋಪು ಇದನ್ನು ತಪ್ಪಿಸುತ್ತದೆ. ಪಾದಕ್ಕೂ ಬೆನ್ನಿಗೂ ಉದ್ದ ಹಿಡಿಯ ಸ್ಪಂಜು. ಗೀಸರಿನ ಬಿಸಿ 49 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ವಯಸ್ಸಾದ ತೆಳು ಚರ್ಮ ಬೇಗ ಸುಡುತ್ತದೆ, ಸುಟ್ಟದ್ದು ತಡವಾಗಿ ತಿಳಿಯುತ್ತದೆ.

ಗೋಡೆಯ ಹಿಡಿಕೆ ಕಂಬಿಯ ವಿಷಯದಲ್ಲಿ ಎಲ್ಲೆಡೆ ಕಾಣುವ ತಪ್ಪೆಂದರೆ ಟವೆಲು ಹಾಕುವ ಕಂಬಿಯನ್ನೇ ಹಿಡಿಕೆಯೆಂದು ನಂಬುವುದು. ಅದು ಎರಡು ಸಣ್ಣ ಸ್ಕ್ರೂಗಳ ಮೇಲೆ ನಿಂತಿರುತ್ತದೆ, ದೇಹದ ಭಾರ ಬಿದ್ದ ಕ್ಷಣ ಕಿತ್ತು ಬರುತ್ತದೆ. ಹೀರುಬಟ್ಟಲಿನಿಂದ ಟೈಲ್ಸಿಗೆ ಅಂಟಿಸುವವೂ ಹಾಗೆಯೇ, ಗಾಳಿ ಸೇರಿದ್ದು ಕಣ್ಣಿಗೆ ಕಾಣದೆ ಬಿಟ್ಟುಕೊಳ್ಳುತ್ತವೆ. ಕಂಬಿ ಗೋಡೆಯ ಇಟ್ಟಿಗೆಗೋ ಕಾಂಕ್ರೀಟಿಗೋ ಸೇರುವಂತೆ ಬಿಗಿದಿರಬೇಕು, ಟೈಲ್ಸಿನಲ್ಲೇ ನಿಂತ ಸ್ಕ್ರೂ ಸಾಲದು. ಕನಿಷ್ಠ 110 ಕೆ.ಜಿ. ಭಾರ ತಡೆಯುವಂಥದ್ದು. ದಪ್ಪ 3ರಿಂದ 4 ಸೆಂ.ಮೀ., ಗೋಡೆಗೂ ಕಂಬಿಗೂ ನಡುವೆ ಸುಮಾರು 4 ಸೆಂ.ಮೀ. ಸಂದು: ಬೆರಳು ಸೇರಬೇಕು, ಮುಂಗೈ ಸಿಕ್ಕಿಕೊಳ್ಳಬಾರದು. ಅಡ್ಡ ಕಂಬಿಗೆ ನೆಲದಿಂದ 84ರಿಂದ 91 ಸೆಂ.ಮೀ. ರೂಢಿಯ ಅಳತೆ. ಆದರೆ ಕೊರೆಯುವ ಮುಂಚೆ ನಿಮ್ಮ ತಾಯಿಯನ್ನೇ ಅಲ್ಲಿ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಬಿಳಿ ಗೋಡೆಗೆ ಬಿಳಿ ಕಂಬಿ ಬೇಡ, ಮಂದ ಕಣ್ಣಿಗೆ ಅದು ಇಲ್ಲದಂತೆಯೇ.

ಕಮೋಡಿನ ಸೀಟು 43ರಿಂದ 48 ಸೆಂ.ಮೀ. ಎತ್ತರವಿದ್ದರೆ ಏಳುವುದು ಸುಲಭ. ತಗ್ಗಿದ್ದರೆ ಮೇಲೆ ಬಿಗಿಯುವ ಎತ್ತರಿಕೆ ಸೀಟು ಸಿಗುತ್ತದೆ, ತಿರುಪು ಬಿಗಿಯಾಗಿದೆಯೇ ಎಂದು ವಾರಕ್ಕೊಮ್ಮೆ ಅಲುಗಾಡಿಸಿ ನೋಡಬೇಕು. ಬಾಗಿಲಿನ ಚಿಲಕ ಹೊರಗಿನಿಂದಲೂ ತೆರೆಯುವಂಥದ್ದಿರಲಿ. ಆಗ ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಇರಬಹುದು, ನೀವು ಹೊರಗೆ ನಿಶ್ಚಿಂತೆಯಿಂದ ಇರಬಹುದು. ಈ ಮರ್ಯಾದೆ ದೊಡ್ಡದು. ಯಾರೋ ನೋಡುತ್ತಾರೆಂಬ ಸಂಕೋಚಕ್ಕೆ ಶೌಚವನ್ನೇ ತಡೆದುಕೊಳ್ಳುವ, ನೀರು ಕುಡಿಯುವುದನ್ನೇ ಬಿಡುವ ಹಿರಿಯರಿದ್ದಾರೆ. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಸೋಂಕು, ತಲೆಸುತ್ತು ಒಂದರ ಹಿಂದೊಂದು ಬರುತ್ತವೆ.

ಎದ್ದುಬಿದ್ದು ಓಡುವ ಅವಸರದಲ್ಲಿ ಆಗುವ ಬೀಳುವಿಕೆಗೆ ಮದ್ದು, ಅವಸರವಾಗುವ ಮುಂಚೆಯೇ ಹೋಗುವುದು. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ಊಟವಾದ ಮೇಲೆ, ಮಲಗುವ ಮುಂಚೆ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ನೆಲಮಟ್ಟದ ಸಣ್ಣ ದೀಪಗಳು, ದಾರಿಯಲ್ಲಿ ಕಾಲೊರಸು, ವೈರು ಏನೂ ಇಲ್ಲದಂತೆ. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರೆ ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಉಡುಪು, ನಡಿಗೆ, ಊಟ

ಬಟ್ಟೆ ಯಾವಾಗಲೂ ಕೂತು ತೊಡಬೇಕು. ತೊಡುವ ಕ್ರಮದಲ್ಲೇ ಬಟ್ಟೆಗಳನ್ನು ಮೇಲಿನಿಂದ ಕೆಳಗೆ ಜೋಡಿಸಿಡಿ. ನೋವಿರುವ ಅಥವಾ ಬಲ ಕಡಿಮೆಯಿರುವ ತೋಳು ಮೊದಲು ಒಳಗೆ. ಕಳಚುವಾಗ ಅದು ಕೊನೆಗೆ. ಗುಂಡಿಯ ಜಾಗದಲ್ಲಿ ವೆಲ್ಕ್ರೋ, ಸೊಂಟಕ್ಕೆ ಎಲಾಸ್ಟಿಕ್, ಜಿಪ್ಪಿನ ತುದಿಗೆ ದೊಡ್ಡ ಬಳೆಯಂಥ ಉಂಗುರ, ಕಟ್ಟಬೇಕಿಲ್ಲದ ಎಲಾಸ್ಟಿಕ್ ಲೇಸು, ಉದ್ದ ಹಿಡಿಯ ಶೂಹಾರ್ನ್. ಹೊಸದಾಗಿ ಕಲಿಸುವಾಗ ಕೊನೆಯ ಹಂತದಿಂದ ಶುರು ಮಾಡಿ: ಕಾಲುಚೀಲವನ್ನು ಹಿಮ್ಮಡಿಯವರೆಗೆ ನೀವು ಹಾಕಿ, ಮೇಲೆಳೆಯುವುದನ್ನು ಅವರು ಮಾಡಲಿ. ಮರುವಾರ ಹಿಮ್ಮಡಿ ದಾಟಿಸುವುದೂ ಅವರದ್ದು. ಮುಗಿಸಿದ ತೃಪ್ತಿ ಪ್ರತಿದಿನ ಅವರಿಗೇ ಸಿಗುತ್ತದೆ, ಹಾಗಾಗಿ ಈ ಕ್ರಮ ಬೇಗ ನಾಟುತ್ತದೆ.

ಊರುಗೋಲಿನ ಎತ್ತರ ತಪ್ಪಿರುವ ಮನೆಗಳೇ ಹೆಚ್ಚು. ಪಾದರಕ್ಷೆ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ತುಸು ಬಾಗಿರುತ್ತದೆ. ನೋವಿರುವ ಕಾಲಿನ ವಿರುದ್ಧ ಕೈಯಲ್ಲಿ ಹಿಡಿಯಬೇಕು, ಕೋಲೂ ಆ ಕಾಲೂ ಒಟ್ಟಿಗೆ ಮುಂದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ತುದಿಯ ರಬ್ಬರ್ ಬಿಲ್ಲೆ ನುಣ್ಣಗಾದ ದಿನವೇ ಬದಲಿಸಿ. ವಾಕರ್ ಇದ್ದರೆ ಕುರ್ಚಿಯಿಂದ ಏಳುವಾಗ ಅದನ್ನು ಹಿಡಿದು ಎಳೆಯಬಾರದು, ಮಗುಚುತ್ತದೆ. ಕುರ್ಚಿಯ ತೋಳು ಒತ್ತಿ ಎದ್ದು ನಿಂತಮೇಲೆ ಕೈ ವಾಕರಿಗೆ ಹೋಗಬೇಕು. ಮನೆಯೊಳಗೂ ಹಿಮ್ಮಡಿ ಹಿಡಿಯುವ, ತೆಳ್ಳನೆಯ ಗಟ್ಟಿ ಅಡಿಯ ಪಾದರಕ್ಷೆ. ಕಾಲುಚೀಲ ಮಾತ್ರ ಹಾಕಿ ನುಣುಪು ನೆಲದ ಮೇಲೆ ನಡೆಯಬಾರದು. ದೂರ ಹತ್ತಿರ ಎರಡಕ್ಕೂ ಒಂದೇ ಕನ್ನಡಕವಿದ್ದರೆ ಮೆಟ್ಟಿಲಿಳಿಯುವಾಗ ಕೆಳಗಿನ ಗಾಜಿನಿಂದ ನೋಡಿದ ಮೆಟ್ಟಿಲು ಮಸುಕಾಗುತ್ತದೆ. ನಡೆಯಲೆಂದೇ ದೂರದೃಷ್ಟಿಯ ಬೇರೆ ಕನ್ನಡಕ ಮಾಡಿಸುವುದು ಒಳ್ಳೆಯದು.

ಊಟ ತಾವೇ ಮಾಡುತ್ತಿದ್ದರೆ ಎಷ್ಟು ಚೆಲ್ಲಿದರೂ ಬಿಡಿ. ಚಮಚದ ಹಿಡಿಗೆ ಫೋಮ್ ಕೊಳವೆ ಸುತ್ತಿ ದಪ್ಪ ಮಾಡಿ, ತಟ್ಟೆಯ ಕೆಳಗೆ ಜಾರದ ರಬ್ಬರ್ ಹಾಳೆ, ಅಂಚು ಎತ್ತರಿಸಿದ ತಟ್ಟೆ. ನುಂಗುವಾಗ ಕೆಮ್ಮು, ಊಟದ ನಂತರ ಗೊರಗೊರ ದನಿ ಇದ್ದರೆ ತಜ್ಞರಿಗೆ ತೋರಿಸಿ. ನ್ಯುಮೋನಿಯಾ ಆಗಿಹೋದವರಲ್ಲಿ ಇದನ್ನು ಕಡೆಗಣಿಸಬಾರದು.

ಮಾತ್ರೆ, ಹಣ, ಫೋನು, ಅಡುಗೆಯಲ್ಲೂ ಇದೇ ರೀತಿ. ವಾರದ ಮಾತ್ರೆ ಡಬ್ಬಿಯನ್ನು ಅವರು ತುಂಬಲಿ, ನೀವು ಪರೀಕ್ಷಿಸಿ. ತರಕಾರಿ ಕೂತು ಹೆಚ್ಚಲಿ.

ಆಯಾಸ ಮತ್ತು ಭಯ

ಸೊರಗಿದವರ ದಿನದ ಶಕ್ತಿ ಸಣ್ಣ ಜೇಬಿನ ದುಡ್ಡಿನಂತೆ, ಬೆಳಗ್ಗೆ ಎಂಟಕ್ಕೇ ಖರ್ಚಾಗಿಹೋದರೆ ಸಂಜೆಗೆ ಏನೂ ಉಳಿಯದು. ಸ್ನಾನ, ತಾಲೀಮು, ವೈದ್ಯರ ಭೇಟಿ ಒಂದೇ ಮುಂಜಾನೆಗೆ ಪೇರಿಸಬೇಡಿ. ಸ್ನಾನವಾದ ಮೇಲೆ ಇಪ್ಪತ್ತು ನಿಮಿಷ ಕೂತು ವಿಶ್ರಾಂತಿ, ಆಮೇಲೆ ಬಟ್ಟೆ. ಹಗಲಿಡೀ ಮಲಗುವುದು ವಿಶ್ರಾಂತಿಯಾಗದು, ಅದು ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ.

ಯಾವ ಕೆಲಸದಿಂದ ಶುರು ಮಾಡಬೇಕೆಂಬುದನ್ನು ಅವರೇ ಹೇಳಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರಾ ಸ್ಯಾಂಟನ್ ರೂಪಿಸಿದ ‘ಕೇಪಬಲ್’ ಎಂಬ ಕಾರ್ಯಕ್ರಮದಲ್ಲಿ ಔದ್ಯೋಗಿಕ ಚಿಕಿತ್ಸಕರು (ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವವರು), ದಾದಿ, ಮನೆ ರಿಪೇರಿಯವರು ಮೂವರೂ ಸೇರಿ ಕೆಲವು ತಿಂಗಳ ಅವಧಿಯಲ್ಲಿ ಮನೆಗೆ ಬರುತ್ತಾರೆ. ಅವರು ಮೊದಲು ಕೇಳುವುದು ಹಿರಿಯರಿಗೆ ಏನು ಮಾಡಲು ಆಸೆಯಿದೆ ಎಂದು. ಡೆನ್ಮಾರ್ಕಿನಲ್ಲಂತೂ 2015ರಲ್ಲಿ, ಮನೆಸಹಾಯ ಕೇಳುವವರಿಗೆ ಮರುತಾಲೀಮಿನಿಂದ ಉಪಯೋಗವಾಗುವಂತಿದ್ದರೆ ಸ್ಥಳೀಯ ಆಡಳಿತ ಮೊದಲು ಅದನ್ನು ಒದಗಿಸಬೇಕೆಂದು ಕಾನೂನೇ ಜಾರಿಗೆ ಬಂತು. ನಿಮ್ಮ ತಾಯಿ ‘ಬಾಗಿಲ ಹೊರಗೆ ಬಿಸಿಲಲ್ಲಿ ಕೂರಬೇಕು’ ಅಂದರೆ ಅಲ್ಲಿಗೆ ನಡೆಯುವುದೇ ತಾಲೀಮಾಗಲಿ. ಅವರಿಗೆ ಬೇಕಿಲ್ಲದ ಗುರಿಯನ್ನು ಹೊರಿಸಿದರೆ ಎರಡನೇ ವಾರಕ್ಕೆ ನಿಲ್ಲುತ್ತದೆ.

ಭಯ ನಿಮಗೂ ಇದೆ, ಅವರಿಗೂ ಇದೆ. ಬಿದ್ದರೆ ಏಳುವುದು ಹೇಗೆಂದು ಗೊತ್ತಿದ್ದರೆ ಅದು ಅರ್ಧ ಇಳಿಯುತ್ತದೆ. ಫಿಸಿಯೋಥೆರಪಿಸ್ಟ್ ಇರುವಾಗ ಹಾಸಿದ ನೆಲದ ಮೇಲೆ ಇದನ್ನು ಅಭ್ಯಾಸ ಮಾಡಿಸಿ: ಮಗ್ಗುಲಾಗುವುದು, ಮೊಣಕೈ ಊರುವುದು, ಅಂಬೆಗಾಲಿಗೆ ಬರುವುದು, ಗಟ್ಟಿ ಕುರ್ಚಿಯವರೆಗೆ ತೆವಳುವುದು, ಸೀಟಿನ ಮೇಲೆ ಕೈಯಿಟ್ಟು ಬಲವಾದ ಕಾಲಿನ ಪಾದವನ್ನು ಮುಂದೆ ಊರುವುದು, ಒತ್ತಿ ಎದ್ದು ತಿರುಗಿ ಕೂರುವುದು. ನಿಜವಾಗಿ ಬಿದ್ದಾಗ ಓಡಿಹೋಗಿ ಎತ್ತಬೇಡಿ. ಒಂದು ನಿಮಿಷ ಹಾಗೇ ಇರಲಿ, ನೋವೆಲ್ಲಿ ಎಂದು ಕೇಳಿ. ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ತೊಡೆಸಂದಿಯಲ್ಲಿ ನೋವಿದ್ದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅಲುಗಿಸದೆ ಆಂಬುಲೆನ್ಸ್ ಕರೆಯಿರಿ.

ಮರೆವೂ ಸೇರಿಕೊಂಡಿದ್ದರೆ ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ದಿನವೂ ಅದೇ ಕ್ರಮ, ಅದೇ ಜಾಗ. ‘ನೆನಪಿಲ್ಲವಾ?’ ಎಂಬ ಪ್ರಶ್ನೆ ಯಾವತ್ತೂ ಬೇಡ. ಬಾಯಿಮಾತಿಗೆ ತೋಚದದ್ದು ಕೈಗೆ ನೆನಪಿರುತ್ತದೆ: ಬಾಚಣಿಗೆಯನ್ನು ಕೈಗಿಟ್ಟರೆ ತಲೆ ಬಾಚುವುದು ಶುರುವಾಗುತ್ತದೆ.

ಈ ವಾರ ಎರಡೇ ಕೆಲಸ ಸಾಕು: ಕುರ್ಚಿಯ ಎತ್ತರ ಸರಿಪಡಿಸಿ ದಿನಕ್ಕೆ ಮೂರು ಹೊತ್ತಿನ ಎದ್ದು ಕೂರುವ ಅಭ್ಯಾಸ, ಮತ್ತು ಸ್ನಾನದಲ್ಲಿ ಮುಖ, ಕೈ, ಎದೆಯನ್ನು ಅವರಿಗೇ ಬಿಡುವುದು. ಇಂದೇ ಒಂದು ಅಳತೆ ಬರೆದಿಡಿ: ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್, ಕೈ ಬಳಸಿದರೋ ಇಲ್ಲವೋ. ಕೈಯಿಲ್ಲದೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ ಎಂದರ್ಥ. ನಾಲ್ಕು ವಾರದ ಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಅಳೆಯಿರಿ. ಅಂಕಿ ಇಳಿದಿದ್ದರೆ ಸ್ನಾನದ ಮುಂದಿನ ಹಂತವನ್ನೂ ಅವರ ಕೈಗೆ ಕೊಡಿ. ಅಲುಗಾಡದಿದ್ದರೆ ಔದ್ಯೋಗಿಕ ಚಿಕಿತ್ಸಕರನ್ನೋ ಫಿಸಿಯೋಥೆರಪಿಸ್ಟನ್ನೋ ಮನೆಗೇ ಕರೆಸಿ, ಈ ಬರಹದ ಅಳತೆಗಳ ಜೊತೆಗೆ ನೀವು ಬರೆದಿಟ್ಟದ್ದನ್ನೂ ತೋರಿಸಿ. ತಡೆ ಎಲ್ಲಿದೆಯೆಂದು ಅವರು ಮಂಚ, ಬಚ್ಚಲು, ಕುರ್ಚಿಗಳ ನಡುವೆಯೇ ನಿಂತು ನೋಡಬೇಕು.